ಎಡವುವ ಪ್ಲೇಟು

ರೆಕಾರ್ಡ್ ಪ್ಲೇಟಿನ ಮೇಲೆ ಮುಳ್ಳು ಇಳಿದು ಹಾಡು ಹುಟ್ಟುವ ಮುನ್ನ, ಜೋಳದ ಒಣದಂಟುಗಳ ನಡುವೆ ಗಾಳಿ ಸುಳಿದಂತೆ ಸಣ್ಣದೊಂದು ಚರಚರ ಸದ್ದು ಬರುತ್ತದಲ್ಲ, ಓದುಗರೇ, ನನ್ನ ಪಾಲಿಗೆ ಅರ್ಧ ಸಂಗೀತ ಅಲ್ಲಿಯೇ ಮುಗಿದಿರುತ್ತದೆ. ಉಳಿದರ್ಧಕ್ಕೆ ಬೇಕಾದ ಸ್ವರಜ್ಞಾನ ನನಗಿಲ್ಲ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಶಬ್ದವೆಂದರೆ ಬರಿಯ ಕಂಪನ. ಇಂಥ ಅರಸಿಕನೊಬ್ಬ ನಲವತ್ತು ಪ್ಲೇಟುಗಳನ್ನು ಕೂಡಿಸಿದ್ದೂ, ಮಾರಿದ್ದೂ, ಮತ್ತೆ ಕೂಡಿಸಲು ಹೊರಟಿದ್ದೂ ಒಂದೇ ಜನ್ಮದಲ್ಲಿ ನಡೆದುಹೋಯಿತು.

ಮಾರಿದ್ದು, ನಮ್ಮ ಹಳೆಯ ಓಣಿ ಹಿನ್ನೀರಿನಲ್ಲಿ ಮುಳುಗಡೆಯಾಗಿ ನವನಗರಕ್ಕೆ ಬಂದ ವರ್ಷ. ಮನೆ ಚಿಕ್ಕದು, ಕ್ಯಾಸೆಟ್ಟುಗಳ ಕಾಲದಲ್ಲಿ ಈ ತಟ್ಟೆಗಳ ಹಂಗೇಕೆ ಎಂದುಕೊಂಡು, ನೆಲಕ್ಕೆ ಕಲ್ಲು ಹಾಸಲು ಬಂದಿದ್ದ ಇಳಕಲ್ಲಿನ ಮೆಹಬೂಬಸಾಬರಿಗೆ ಪ್ಲೇಯರಿನ ಸಮೇತ ಎಲ್ಲವನ್ನೂ ಸಿಕ್ಕ ಬೆಲೆಗೆ ಕೊಟ್ಟುಬಿಟ್ಟೆ. ಹೆಂಡತಿ ಗಿರಿಜಾ ಅಂದು ತಂಗಿಯ ಮನೆಗೆ ಹೋಗಿದ್ದಳು. ಮರಳಿ ಬಂದವಳು ಖಾಲಿ ಕಪಾಟನ್ನು ಒಮ್ಮೆ ನೋಡಿ, ಅಲ್ಲಿ ಉಪ್ಪಿನಕಾಯಿಯ ಭರಣಿಗಳನ್ನಿಟ್ಟಳು. ಅದನ್ನು ನನ್ನ ಅಚ್ಚುಕಟ್ಟುತನಕ್ಕೆ ಸಂದ ಮೆಚ್ಚುಗೆಯೆಂದು ನಾನು ಭಾವಿಸಿದೆ.

ಹೋದ ವರ್ಷ ಬಾದಾಮಿಯ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ಫ್ಯಾನುಗಳ ಕೆಳಗೆ ಹೊದಿಕೆಯಿಲ್ಲದೆ ಮಲಗಿದ್ದ ಪ್ಲೇಟೊಂದು ಕಂಡಿತು. ಮೇಲೆ ಹಿಡಿದಾಗ ಗೆರೆಗೆರೆಯಲ್ಲೂ ಸಂಜೆಬಿಸಿಲು ಸುತ್ತಿತು. ಅಂದಿನಿಂದ ತಟ್ಟೆಗಳ ಬದಲು ನಾನೇ ತಿರುಗತೊಡಗಿದೆ. ಹುನಗುಂದದಲ್ಲಿ ಮುಚ್ಚಿದ ಸೈಕಲ್ ಅಂಗಡಿಯ ಅಟ್ಟ, ಚೊಳಚಗುಡ್ಡದಲ್ಲಿ ಹಿಂದೆ ಮದುವೆಗಳಿಗೆ ಸ್ಪೀಕರ್ ಕಟ್ಟುತ್ತಿದ್ದವರ ಮನೆ, ಹೀಗೆ ಅಲೆದು ಹದಿನೇಳು ಪ್ಲೇಟುಗಳನ್ನು ತಂದೆ. ಹುಬ್ಬಳ್ಳಿಯಿಂದ ಹಳೆಯ ಪ್ಲೇಯರೂ ಬಂತು. ಗಿರಿಜಾ ಪ್ರತಿಯೊಂದನ್ನೂ ಕೇಳಿ, ಚಲೋ ಐತಿ ಎಂದು ಒಳಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ, ಅವಳಿಗೆ ಬಲು ಪ್ರಿಯವಾಗಿದ್ದ ಹಾಡೇ ಸಿಕ್ಕಿತೆಂದು ಬೀಗುತ್ತ ಹಚ್ಚಿದೆ. ಕೊನೆಯವರೆಗೆ ನಿಂತು ಕೇಳಿದಳು.

"ಹಾಡು ಅದ ಐತ್ರಿ," ಎಂದಳು. "ಪ್ಲೇಟ್ ಅದಲ್ಲ. ಅದರಾಗ ಅವ್ವನ ಕೈ ಇತ್ತು."

ಆಮೇಲೆ ಅವಳೇ ಹೇಳಿದಳು. ಇಳಕಲ್ಲಿನಲ್ಲಿ ಜೀವನವಿಡೀ ಸೀರೆ ನೇಯ್ದ ಅವಳ ತಾಯಿ, ಕೊನೆಯ ಕಾಯಿಲೆಯಲ್ಲಿ ನಮ್ಮಲ್ಲಿದ್ದಾಗ, ಈ ಹಾಡನ್ನು ತಾನೇ ಹಚ್ಚುತ್ತೇನೆಂದು ಹಟ ಹಿಡಿದಿದ್ದರಂತೆ. ಎಂದೂ ಎಳೆ ತಪ್ಪದ ಆ ಕೈ ಅಂದು ನಡುಗಿ, ಮುಳ್ಳು ಜಾರಿ ಗೀರೆಬ್ಬಿಸಿತ್ತು. ಅಂದಿನಿಂದ ಅಲ್ಲಿ ಹಾಡು ಎಡವಿ, ಒಂದು ಮಾತನ್ನು ಎರಡು ಸಲ ಹೇಳುತ್ತಿತ್ತು. ನಾನು ಆ ಪ್ಲೇಟನ್ನು "ಇದೊಂದು ಕೆಟ್ಟೈತ್ರಿ" ಎಂದು ಪ್ರಾಮಾಣಿಕತೆ ಮೆರೆದು ಕೊಟ್ಟಿದ್ದೆ.

ಮರುದಿನವೇ ಇಬ್ಬರೂ ಇಳಕಲ್ಲಿನ ಬಸ್ಸು ಹತ್ತಿದೆವು. ಮೆಹಬೂಬಸಾಬರ ಹೆಂಡತಿ ಜೈತುನಬಿ ಚಹಾ ಕೊಟ್ಟು, ಕಲ್ಲು ಉಜ್ಜುವ ಮಷೀನಿನ ಸದ್ದಿಗೆ ಗಂಡನ ಕಿವಿ ಪೂರ್ತಿ ಹೋಗಿ ಬಹಳ ವರ್ಷವಾಯಿತೆಂದರು. ಆದರೂ ದಿನಾ ಪ್ಲೇಟು ಹಚ್ಚುತ್ತಾರಂತೆ. ಒಳಗೆ ಅವರು ಪ್ಲೇಯರಿನ ಮರದ ಪೆಟ್ಟಿಗೆಯ ಮೇಲೆ ಹತ್ತೂ ಬೆರಳನ್ನಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಕಂಪನದ ಪಾಠವನ್ನು ಮೂವತ್ತು ವರ್ಷ ಕಲಿಸಿದವನು ಅಂದು ಅದನ್ನು ಮೊದಲ ಬಾರಿಗೆ ಕಣ್ಣಾರೆ ಕಂಡೆ.

ಗಿರಿಜಾ ಕಪಾಟಿನಲ್ಲಿ ಹುಡುಕಿ ಆ ಪ್ಲೇಟನ್ನು ತೆಗೆದುಕೊಟ್ಟಳು. ಅವರು ಹಚ್ಚಿದರು. ಹಾಡು ನಡೆನಡೆದು ಎಡವಿತು. ಅದೇ ಗಳಿಗೆಗೆ ಅವರು ಬೆರಳೆತ್ತಿ ನಕ್ಕರು.

"ಇಲ್ಲಿ ಒಂದ್ ಸಲ ಜಿಗೀತೈತ್ರಿ ಮಾಸ್ತರ. ಉಳಿದದ್ದೆಲ್ಲಾ ಬರೇ ಗುಂಯ್ ಅಂತೈತಿ. ಇದೊಂದ ಖರೆ ಗುರ್ತ ಸಿಗತೈತಿ ನನಗ."

ಗಿರಿಜಾಳ ಕಣ್ಣು ತುಂಬಿದ್ದನ್ನು ಕಂಡು ಜೈತುನಬಿ ಕಾರಣ ಕೇಳಿದರು. ತಿಳಿದ ಮೇಲೆ ಗಂಡನಿಗೆ ಕೈಸನ್ನೆಯಲ್ಲಿ, ನೇಯುವಂತೆ, ನಡುಗುವಂತೆ ತೋರಿಸಿ ವಿವರಿಸಿದರು. ಮೆಹಬೂಬಸಾಬರು ಪ್ಲೇಟನ್ನು ತೆಗೆದು ಅಂಗಿಯ ತುದಿಯಿಂದ ಒರೆಸಿ, ಅವಳ ಮುಂದೆ ಹಿಡಿದರು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಗೀರಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಆಮೇಲೆ ತಾನೇ ಅದನ್ನು ಮರಳಿ ಪ್ಲೇಯರಿನ ಮೇಲಿಟ್ಟು, ಮುಳ್ಳು ಇಳಿಸಿ, ಪೆಟ್ಟಿಗೆಯ ಮೇಲೆ ಅವರ ಬೆರಳುಗಳ ಪಕ್ಕ ತನ್ನ ಅಂಗೈ ಊರಿದಳು.

ಹಿಂದಿರುಗುವ ಬಸ್ಸಿನಲ್ಲಿ, ಇನ್ನೊಮ್ಮೆ ಹೋಗಿ ಆ ಪ್ಲೇಟನ್ನು ಕೇಳಿ ತರಲೇ ಎಂದೆ. ಅವಳು ಕಿಟಕಿಗೆ ತಲೆಯಾನಿಸಿದ್ದಳು.

"ಬ್ಯಾಡ್ರಿ. ಅವ್ವ ತನ್ನೂರಾಗ ಅದಾಳ. ಇರ್ಲಿ."