ಅಕ್ಕೋರು ಕಣ್ಣು ಬಿಟ್ಟ ಫೋಟೋ

ಮೊನ್ನೆ ಜಗತ್ ಸರ್ಕಲ್ ಹತ್ತಿರದ ಅಂಗಡಿಯಿಂದ ನನ್ನ ಕ್ಯಾಮೆರಾಕ್ಕೆ ಮತ್ತೊಂದು ಫ್ಲ್ಯಾಶ್ ತಂದೆ. ಇದು ನಾಲ್ಕನೆಯದು. ಹವ್ಯಾಸಕ್ಕೆ ಇಷ್ಟು ಹುಚ್ಚು ಯಾಕೆ ಎಂದು ಹೆಂಡತಿ ಕೇಳಿದ್ದೂ ಆಯಿತು. ಬಾಗಿಲು ಹಾಕಿಕೊಂಡು ಪೂರ್ತಿ ಶಕ್ತಿಯಲ್ಲಿ ಹತ್ತಾರು ಸಲ ಮಿಂಚಿಸಿದೆ. ಬಿಸಿಯಾದ ಪ್ಲಾಸ್ಟಿಕ್ಕಿನ ಸಣ್ಣ ಕಮಟು ಮೂಗಿಗೆ ಬಡಿಯಿತು... ಅಕ್ಕೋರು ನೆನಪಾದರು.

ಶಹಾಬಜಾರದ ನಮ್ಮ ಓಣಿಯಲ್ಲಿ ಅವರದು ಎದುರು ಮನೆ. ಕಮಲಾಪುರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬಂದು, ಅಲ್ಲಿಯೇ ನಿವೃತ್ತರಾದ ಟೀಚರು. ಊರಿಗೆಲ್ಲ ಅಕ್ಕೋರು. ಅವರ ಕಣ್ಣು ತಪ್ಪಿಸಿ ಓಣಿಯಲ್ಲಿ ಒಂದು ಕಿತಾಪತಿ ಮಾಡಲೂ ನಮಗೆ ಸಾಧ್ಯವಿರಲಿಲ್ಲ.

ಅವರು ಪಾಠ ಹೇಳಿದ ಕೋಣೆಯಲ್ಲಿ ಅವರ ಫೋಟೋ ಹಾಕಬೇಕೆಂದು ಶಾಲೆಯವರು ಕೇಳಿದ್ದರಂತೆ. "ಕ್ಯಾಮೆರಾ ಹಿಡಕೊಂಡು ತಿರಗ್ತೀಯಲ್ಲ, ಒಂದು ಚಲೋ ಫೋಟೋ ತಗದು ಕೊಡು ನೋಡೋಣ" ಎಂದರು ಅಕ್ಕೋರು. ನಾನು ಉಬ್ಬಿಹೋದೆ.

ಅವರ ನಡುಮನೆ ಹಗಲಲ್ಲೂ ಕತ್ತಲು. ಹೊರಗೆ ಬಂದರೋ, ನಮ್ಮ ಬಿಸಿಲಿಗೆ ಯಾರ ಕಣ್ಣೂ ನಿಲ್ಲುವುದಿಲ್ಲ. ನನ್ನ ಹಳೆಯ ಅಗ್ಗದ ಫ್ಲ್ಯಾಶ್ ಹಾಕಿ ಒಳಗೇ ತೆಗೆದೆ. ಕಣ್ಣೇನೋ ಸರಿಯಾಗಿ ಬಂದವು, ಮುಖ ಮಾತ್ರ ಹಿಟ್ಟು ಮೆತ್ತಿದಂತಿತ್ತು. ಮರ್ಯಾದೆಯ ಪ್ರಶ್ನೆ! ತಿಂಗಳೊಳಗೆ ಹೊಸ ಫ್ಲ್ಯಾಶ್ ಕೊಂಡೆ. ಬೆಳಕನ್ನು ತಾನೇ ಅಳೆದುಕೊಳ್ಳುವಂಥದ್ದು, ತಲೆಯನ್ನು ಚಾವಣಿಯತ್ತ ತಿರುಗಿಸಬಹುದಾದದ್ದು. ಸುಣ್ಣದ ಚಾವಣಿಗೆ ಬಡಿದು ಬೆಳಕು ಮೆತ್ತಗೆ ಇಳಿಯಿತು. ಮುಖ ಎಷ್ಟು ಚಂದ ಬಂತು... ಆದರೆ ಕಣ್ಣು ಮುಚ್ಚಿದ್ದವು. ಇನ್ನೊಂದು ತೆಗೆದೆ, ಮುಚ್ಚಿದ್ದವು. ಫ್ಲ್ಯಾಶ್ ಬಿಸಿಯಾಗಿ ಕಮಟು ಬರುವವರೆಗೂ, ಇಪ್ಪತ್ತು ತೆಗೆದೆ. ಇಪ್ಪತ್ತರಲ್ಲೂ ಅಕ್ಕೋರಿಗೆ ಗಾಢ ನಿದ್ದೆ!

"ನಿದ್ದಿ ಹೊಡಿಯೋ ಹುಡುಗ್ರನ್ನ ಎಬ್ಬಿಸಿ ಎಬ್ಬಿಸಿ ಸರ್ವಿಸ್ ಮುಗಿಸೀನಿ. ಈಗ ಅದೇ ಕ್ಲಾಸಿನ್ಯಾಗ ಗೋಡಿ ಮ್ಯಾಲ ನಾನೇ ಮಲಗಿರ್ಬೇಕೇನು?" ಎಂದು ನಕ್ಕರೂ ಅವರ ಮುಖ ಸಣ್ಣದಾಗಿತ್ತು. ಫೋಟೋನೇ ಬೇಡ ಅಂತ ಶಾಲೆಗೆ ಹೇಳಿಬಿಡ್ತೀನಿ ಎಂದರು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. "ನೀವು ರೆಪ್ಪಿ ಬಡೀಬ್ಯಾಡ್ರೀ ಅಕ್ಕೋರೆ" ಎಂದುಬಿಟ್ಟೆ.

"ನನ್ನ ಮ್ಯಾಲ ಹಾಕಬ್ಯಾಡ ತಮ್ಮಾ. ನಿನ್ನ ಲೈಟು ಎರಡು ಸಲ ಹೊಡೀತದ. ಮೊದಲನೇದಕ್ಕ ನನ್ನ ಕಣ್ಣು ಮುಚ್ತಾವ, ಎರಡನೇದಕ್ಕ ನೀ ಫೋಟೋ ತಗೀತಿ."

"ಒಂದೇ ಸಲರೀ!"

"ಅದರ ಜೋಡಿ ಪುಸ್ತಕ ಕೊಟ್ಟಿರ್ತಾರಲ್ಲ, ಅದನ್ನ ಓದು."

ಓದಿದೆ. ಅಬ್ಬಾ! ಬೆಳಕನ್ನು ಅಳೆಯಲೆಂದು ಅದು ಮೊದಲು ಸಣ್ಣಗೆ ಒಮ್ಮೆ ಮಿಂಚಿ, ಅದರ ಬೆನ್ನಿಗೇ ಜೋರಾಗಿ ಮಿಂಚುತ್ತಿತ್ತು. ದುಡ್ಡು ಸುರಿದು ತಂದ ನನಗೆ ಒಂದೇ ಕಂಡದ್ದು ಅವರಿಗೆ ಎರಡು ಕಂಡಿತ್ತು. ಮರುದಿನ ಆ ಅಳತೆಯ ಮಿಂಚು ನಿಲ್ಲಿಸಿ, ಬೆಳಕನ್ನು ನಾನೇ ಹೊಂದಿಸಿ ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ಅಕ್ಕೋರು ಕಣ್ಣರಳಿಸಿ ಕೂತಿದ್ದರು. "ಹಾಂ, ಈಗ ಎಚ್ಚರ ಅದಾಳ ನೋಡು" ಎಂದು ನನ್ನ ಬೆನ್ನ ಮೇಲೊಂದು ಗುದ್ದು ಕೊಟ್ಟರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ನೆನಪು ತಡೆಯಲಾರದೆ ನಿನ್ನೆ ಕಮಲಾಪುರದ ಬಸ್ಸು ಹತ್ತಿದೆ. ಮಕ್ಕಳು ಬಯಲಲ್ಲಿ ಕೇಕೆ ಹಾಕುತ್ತಿದ್ದರು. ಈಗಿನ ಟೀಚರು ಕೋಣೆ ತೋರಿಸುತ್ತಾ ನಕ್ಕರು: "ಆ ಹಿಂದಿನ ಬೆಂಚಿನ್ಯಾಗ ಯಾರೂ ನಿದ್ದಿ ಮಾಡಂಗಿಲ್ರೀ. ಅಕ್ಕೋರು ಇಲ್ಲೇ ನೋಡ್ತಾರ ಅಂತ ಅಂಜ್ತಾವ."

ಆ ಟೀಚರು ಹೊರಗೆ ಹೋದ ಮೇಲೆ ನಾನು ಆ ಬೆಂಚಿನ ಮೇಲೆ ಕೂತೆ. ಗೋಡೆಯ ಫೋಟೋದತ್ತ ತಲೆ ಎತ್ತಿದೆ. ನಿಜ, ನನ್ನನ್ನೇ ನೋಡುತ್ತಿದ್ದರು... ಅಳು ಬಂತು. ಕಣ್ಣೊರೆಸಿಕೊಂಡು ನೆಟ್ಟಗೆ ಕೂತೆ.