ಡಬ್ಬಿಯೊಳಗಿನ ಮೂರು ಚೀಟಿ

ಮನೆಗೆ ಬಂದ ನೆಂಟರು ನನ್ನ ಉದ್ಯೋಗ ಕೇಳಿದರೆ ಹೆಂಡತಿ "ಪುಸ್ತಕದ ಕೆಲಸ" ಎಂದಷ್ಟೇ ಹೇಳಿ ಕಾಫಿಯ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದಳು. ಗಂಡ ಪತ್ತೇದಾರಿ ಮಾಸಪತ್ರಿಕೆಯ ಸಂಪಾದಕ, ತಿಂಗಳಿಗೊಂದು ಕೊಲೆ ಮಾಡಿಸುವವನು ಎನ್ನಲು ಅವಳಿಗೆ ಸಂಕೋಚ. ನನಗೆ ಅಂಥದ್ದೇನೂ ಇರಲಿಲ್ಲ. ಶಿವಾಜಿನಗರದಲ್ಲಿ ಬೈಂಡಿಂಗ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಮೂವತ್ತು ವರ್ಷ ಕೂತು ನಾನು ಆ ಕೆಲಸವನ್ನು ಪ್ರೀತಿಯಿಂದಲೇ ಮಾಡಿದೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಕಾದಂಬರಿಯ ಕೊನೆಯ ಅಧ್ಯಾಯವನ್ನು ಲೇಖಕರು ಕೊಡದೆ ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಉಳಿದದ್ದನ್ನು ನಾನು ಓದುತ್ತಿದ್ದೆ. ಹಲಸೂರಿನಿಂದ ಬರುವ, ಮನೆಮಾತು ತಮಿಳಿನ ಟೈಪಿಂಗ್ ಹೆಂಗಸು ಟೈಪ್ ಮಾಡುತ್ತಿದ್ದಳು. ಕೆಳಗಿನ ಬೈಂಡರ್ ಭಾಯ್‌ಗೆ ಊಟದ ಹೊತ್ತಿನಲ್ಲಿ ಅವಳೇ ಕಥೆ ಹೇಳುತ್ತಿದ್ದಳು. ಆಮೇಲೆ ಮೂವರೂ ಕೊಲೆಗಾರ ಯಾರೆಂದು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಡಬ್ಬಿ ತೆರೆಯುವುದು ಲೇಖಕರು. ಇಬ್ಬರ ಊಹೆ ಸರಿಯಾದರೆ ಸಾಕು, ಅವರು ಕಥೆಯನ್ನು ತಿದ್ದಿ ಬರೆಯಬೇಕು. ನಾನೂ ಭಾಯಿಯೂ ಎಷ್ಟೋ ಸಲ ಮೋಸಹೋಗಿದ್ದೇವೆ. ಆ ಹೆಂಗಸು ಮಾತ್ರ ಒಮ್ಮೆಯೂ ತಪ್ಪಿದವಳಲ್ಲ. ನನಗೆ ಮೈ ಉರಿಯುತ್ತಿತ್ತು.

ಕಳೆದ ವರ್ಷ ಪತ್ರಿಕೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ನಮ್ಮ ಹಳೆಯ ಲೇಖಕರೊಬ್ಬರು ಕೆ.ಆರ್. ಪುರದಿಂದ ಎರಡು ಬಸ್ಸು ಹತ್ತಿ ಬಂದರು. ಕಾರ್ಖಾನೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಮ್ಮ ಪತ್ರಿಕೆಯನ್ನು ಇಷ್ಟು ದಿನ ಬದುಕಿಸಿದ್ದೇ ಅವರ ಕೊಲೆಗಳು. ಈಗ ಕೈ ನಡುಗುತ್ತಿತ್ತು, ಮರೆವು ಶುರುವಾಗಿತ್ತು.

"ಕೊನೇ ಸಂಚಿಕೆ ನಂದೇ ಆಗ್ಲಿ ಸ್ವಾಮಿ. ಆದ್ರೆ ಚೀಟಿ ಹಾಕ್ಲೇಬೇಕು. ಕೈಲಾಗದವನು ಅಂತ ಬಿಟ್ಟುಕೊಡಬೇಡಿ," ಎಂದರು.

ಹಸ್ತಪ್ರತಿ ಓದಿ ನನಗೆ ಸಂಕಟವಾಯಿತು. ಎರಡನೇ ಅಧ್ಯಾಯದಲ್ಲೇ ಡಾಕ್ಟರು ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆಯ ಕೈಗವಸು ಹಾಕಿಕೊಂಡು ಓಡಾಡುತ್ತಾನೆ. ಕೊಲೆಗಾರ ಅವನೇ ಎಂದು ಮಗುವೂ ಹೇಳೀತು. ತಿದ್ದಿ ಬರೆಯಿರಿ ಎಂದರೆ ಇವರಿಂದ ಆಗುತ್ತದೆಯೇ?

ನಾವು ಮೂವರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಚೀಟಿ ಹಾಕಿದೆವು. ಅವರು ಒಂದೊಂದಾಗಿ ಬಿಡಿಸಿದರು. ನನ್ನದರಲ್ಲಿ ಅಡುಗೆಯವನು. ಭಾಯಿಯದರಲ್ಲಿ ಸೋದರಮಾವ. ಅವರ ಮುಖ ಅರಳಿತು. ಮೂರನೆಯ ಚೀಟಿಯನ್ನು ಮಾತ್ರ ಬಹಳ ಹೊತ್ತು ನೋಡಿದರು. ಡ್ರೈವರ್ ಎಂದಿತ್ತು.

"ಡ್ರೈವರ್ ಮೂರನೇ ಅಧ್ಯಾಯದಲ್ಲೇ ಕಾರಲ್ಲಿ ಸುಟ್ಟು ಸತ್ತುಹೋದನಲ್ಲಮ್ಮಾ. ಟೈಪ್ ಮಾಡಿದವಳು ನೀನೇ."

ಅವಳು ತಲೆ ತಗ್ಗಿಸಿದಳು. ಡಾಕ್ಟರ ಹೆಸರು ತಪ್ಪಿಸುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕವನನ್ನು ಬರೆದುಬಿಟ್ಟಿದ್ದಳು. ಹಿರಿಯರು ನಮ್ಮ ಮೂವರ ಮುಖವನ್ನೂ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಸ್ತಪ್ರತಿಯನ್ನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದು ಹೋದರು. ನನಗೆ ನಾಚಿಕೆಯಾಯಿತು.

ಇನ್ನು ಬರುವುದಿಲ್ಲವೆಂದು ಹಳೆಯ ಕಥೆಯೊಂದನ್ನು ಮರುಮುದ್ರಣಕ್ಕೆ ಹುಡುಕುತ್ತಿದ್ದೆ. ಮೂರು ವಾರದ ಮೇಲೆ ಬಂದರು. ಕಣ್ಣು ಕೆಂಪಾಗಿದ್ದವು, ಅಕ್ಷರ ಸೊಟ್ಟಗಿತ್ತು. ಡಾಕ್ಟರ ಕೈಗವಸು ಮಾಯವಾಗಿತ್ತು. ಡ್ರೈವರ್ ಸತ್ತ ಮೇಲೆ ಅವನ ಹೆಂಡತಿ ಒಂಟಿಯಾಗಿ ಮಕ್ಕಳನ್ನು ಸಾಕುವ ಹೊಸ ಅಧ್ಯಾಯವೊಂದು ಸೇರಿತ್ತು. ಅದನ್ನು ಟೈಪ್ ಮಾಡುವಾಗ ನಮ್ಮ ಹೆಂಗಸು ಎರಡು ಸಲ ಸೆರಗಿನಿಂದ ಮೂಗು ಒರೆಸಿಕೊಂಡಳು.

ಈ ಸಲ ನಾನು ಪ್ರಾಮಾಣಿಕವಾಗಿ ಡಾಕ್ಟರೆಂದೇ ಬರೆದೆ. ಭಾಯ್ ಮತ್ತೆ ಮಾವ ಎಂದ. ಅವಳು ಅಡುಗೆಯವನೆಂದು ಬರೆದಿದ್ದಳು. ಹಿರಿಯರು ಚೀಟಿಗಳನ್ನು ಪಕ್ಕಕ್ಕಿಟ್ಟು ಕೊನೆಯ ಅಧ್ಯಾಯ ಓದಿದರು. ಕಾರಿನಲ್ಲಿ ಸುಟ್ಟ ಹೆಣ ಬೇರೆ ಯಾರದೋ. ಡ್ರೈವರ್ ಬದುಕಿದ್ದ. ಕೊಲೆಗಾರ ಅವನೇ.

ಓದಿ ಮುಗಿಸಿ ಅವಳ ಕಡೆ ತಿರುಗಿದರು. "ಈ ಸಲನೂ ಸುಳ್ಳು ಬರೆದ್ಯಾ ತಾಯಿ?"

"ಇಲ್ಲ ಸಾರ್, ನಿಮ್ಮಾಣೆ."

ಅವರು ನಂಬಲಿಲ್ಲ. ಹೇಗೆ ನಂಬಿಯಾರು? ಆ ನಂಬಿಕೆಯನ್ನು ನಾವೇ ಕೆಡಿಸಿದ್ದೆವಲ್ಲ. ಆದರೆ ಅಷ್ಟರಲ್ಲಿ ಅವಳಿಗೆ ಅವರ ಕಡೆ ಗಮನವೇ ಇರಲಿಲ್ಲ. ಹಣೆ ಚಚ್ಚಿಕೊಂಡು, "ಅಡ ಪಾವಿ! ಪಾಪಿ ನನ್ಮಗ, ಬದ್ಕಿದ್ನಾ ಅವ್ನು? ಆ ಹೆಂಗ್ಸು ಎರಡು ಮಕ್ಳನ್ನ ಇಟ್ಕೊಂಡು ಬೀದೀಲಿ ನಿಂತಿದ್ರೆ ಇವ್ನು ಎಲ್ಲೋ ಮಜಾ ಮಾಡ್ಕೊಂಡಿದ್ನಾ? ಅವಳಿಗೋಸ್ಕರ ನಾನು ಅತ್ತಿದೀನಲ್ರೀ!" ಎಂದು ಶುರುಮಾಡಿದಳು. ಆಮೇಲೆ ತಮಿಳಿನಲ್ಲಿ ಅವಳು ಡ್ರೈವರನಿಗೆ ಮಾಡಿದ ಪೂಜೆಯನ್ನು ಇಲ್ಲಿ ಬರೆಯಲಾಗದು. ಕೆಳಗಿನಿಂದ ಭಾಯ್ ಅಂಗಡಿಯ ಗಿರಾಕಿಗಳೂ ಮೆಟ್ಟಿಲ ಬಳಿ ಬಂದು ನಿಂತರು.

ಹಿರಿಯರು ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಅವಳ ಚೀಟಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ಕೊನೆಯ ಅಧ್ಯಾಯವನ್ನು ಅವಳ ಮೇಜಿನ ಮೇಲಿಟ್ಟರು.

"ಸಾಕು ಬೈದಿದ್ದು. ಟೈಪ್ ಮಾಡಮ್ಮಾ," ಎಂದರು.