ಹೊಗೆಯಿಲ್ಲದ ಒಲೆಯ ಅಕ್ಕೋರು

ಹೋದ ವಾರ ಬೀದರ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬರುವಾಗ, ಜೋಳದ ರೊಟ್ಟಿ ಕೆಂಡಕ್ಕೆ ತಾಗಿ ತುಸು ಕರಕಲಾಗುವ ವಾಸನೆ ಬಂತು. ಖಾನಾವಳಿಯ ಹೆಂಗಸೊಬ್ಬಳು ಹಂಚಿನಿಂದ ತೆಗೆದ ರೊಟ್ಟಿಯನ್ನು ಉಬ್ಬಲೆಂದು ಒಲೆಯ ಮುಂದಿನ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಿದ್ದಳು. ಮೊಮ್ಮಗಳು ಕೈ ಹಿಡಿದು ಎಳೆದರೂ ನನ್ನ ಕಾಲು ಮುಂದೆ ಹೋಗಲಿಲ್ಲ. ಎಷ್ಟೋ ವರ್ಷಗಳ ಹಿಂದಿನ ಒಬ್ಬರು ಕಣ್ಣ ಮುಂದೆ ಬಂದು ನಿಂತಿದ್ದರು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಗೆ ಸೊಸೆಯಾಗಿ ಬಂದದ್ದೂ ಆಗಲೇ. ಗಂಡಸರು ಕಟ್ಟೆಯ ಮೇಲೆ ಕುಳಿತು ಹೈದರಾಬಾದು ಹೋಯಿತು, ಬೆಂಗಳೂರು ಬಂತು ಎಂದು ದಿನಗಟ್ಟಲೆ ಮಾತಾಡುತ್ತಿದ್ದರು. ಒಳಗೆ ನಾನು ತೊಗರಿ ಕಟ್ಟಿಗೆಯ ಹೊಗೆಗೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದೆ. ಅತ್ತೆಯ ಕಣ್ಣಲ್ಲಿ ಸದಾ ನೀರು. ಸಂಜೆಯಾದರೆ ಅವರಿಗೆ ಎದುರಿಗಿದ್ದವರ ಗುರುತು ಹತ್ತುತ್ತಿರಲಿಲ್ಲ. "ರಾಜ್ಯ ಬದಲಾಯ್ತಂತ. ಹೊಗಿ ಎಲ್ಲಿ ಬದಲಾಯ್ತು?" ಎಂದು ಗೊಣಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಅಕ್ಕೋರು ಬಂದರು. ಬೀದರಿನ ಹೆಂಗಸರ ಸೇವಾ ಸಂಘವೊಂದು ಹಳ್ಳಿಗಳಲ್ಲಿ ಹೊಗೆಯಿಲ್ಲದ ಒಲೆ ಹಾಕಿಸುತ್ತಿತ್ತು. ಆ ಕೆಲಸಕ್ಕೆ ಇವರನ್ನು ಇಟ್ಟುಕೊಂಡಿದ್ದರು. ಗಂಡ ತೀರಿದ್ದ, ತವರಲ್ಲಿ ಯಾರೂ ಇರಲಿಲ್ಲ. ಸಂಘದ ನೌಕರಿಯೇ ಅವರ ಅನ್ನ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಮಣ್ಣು ತುಳಿದು, ನಮ್ಮ ಓಣಿಯ ಮನೆಮನೆಯಲ್ಲೂ ಸುತ್ತಲೂ ಮುಚ್ಚಿದ ಒಲೆ ಕಟ್ಟಿ, ಹೊಗೆ ಹೋಗಲು ಮಾಳಿಗೆಯಾಚೆ ಕೊಳವೆ ಕೂರಿಸಿದರು. ನಕ್ಕರೆ ಇಡೀ ಓಣಿಗೆ ಕೇಳುತ್ತಿತ್ತು. ಅವರು ಬಂದರೆ ನನಗೆ ಸ್ವಂತ ಅಕ್ಕ ಬಂದಷ್ಟು ಹಿಗ್ಗು...

ಆಮೇಲೆ ಆಗಾಗ ಬಂದು ಕೇಳುತ್ತಿದ್ದರು. "ಒಲಿ ಹ್ಯಾಂಗ ಉರಿಲತ್ತದರಿ?"

"ಬಾಳ ಛಲೋ ಅದರಿ ಅಕ್ಕೋರೆ," ಎನ್ನುತ್ತಿದ್ದರು ಅತ್ತೆ. ನಾನೂ ತಲೆಯಾಡಿಸುತ್ತಿದ್ದೆ.

ಅದು ಶುದ್ಧ ಸುಳ್ಳು. ಆ ಒಲೆಯಲ್ಲಿ ಚಹಾ ಕುದಿಯುತ್ತಿತ್ತು, ಬೇಳೆ ಬೇಯುತ್ತಿತ್ತು. ಆದರೆ ಮುಂಬದಿಯ ಬಾಯಿ ಚಿಕ್ಕದಾಗಿದ್ದರಿಂದ ಕೆಂಡವೆಲ್ಲ ಒಳಗೇ ಉಳಿದು, ರೊಟ್ಟಿ ಆನಿಸಲು ಜಾಗವೇ ಇರಲಿಲ್ಲ. ರೊಟ್ಟಿ ಉಬ್ಬದ ಒಲೆ ಕಟ್ಟಿಕೊಂಡು ನಮಗೇನಾಗಬೇಕು? ಹಿತ್ತಲಲ್ಲಿ ಹಳೆಯ ಒಲೆಯನ್ನೇ ಉರಿಸುತ್ತಿದ್ದೆವು. ಅಕ್ಕೋರು ಬರುವ ಮುನ್ನ ಬಸ್ ಕಂಡಕ್ಟರ್ ಕೈಲಿ ಸುದ್ದಿ ಕಳಿಸುತ್ತಿದ್ದರು. ಕೂಡಲೇ ಇಡೀ ಓಣಿ ಹೊಸ ಒಲೆ ಸಾರಿಸಿ, ಬೆಂಕಿ ಹಾಕಿ, ಚಹಾಕ್ಕೆ ನೀರಿಟ್ಟು ಕಾಯುತ್ತಿತ್ತು. ಕೈಯಾರೆ ಕಟ್ಟಿಕೊಟ್ಟವರ ಮುಖಕ್ಕೆ ಇಲ್ಲ ಅನ್ನಲು ನಮ್ಮ ಕಡೆಯವರಿಗೆ ನಾಲಿಗೆ ಏಳುವುದಿಲ್ಲ.

ಒಂದು ದಿನ ಭಾಲ್ಕಿಗೆ ಹೊರಟಿದ್ದ ಬಸ್ಸು ನಮ್ಮೂರಲ್ಲೇ ಕೆಟ್ಟು ನಿಂತಿತು. ಅಕ್ಕೋರು ಅದರಲ್ಲಿದ್ದರು. ಇಳಿದು ನೇರ ನಮ್ಮ ಮನೆಗೆ ಬಂದರು, ರೊಟ್ಟಿ ಮಾಡುವ ಹೊತ್ತಿಗೆ ಸರಿಯಾಗಿ. ಅವರು ಕಟ್ಟಿದ ಒಲೆಯೊಳಗೆ ನಮ್ಮ ಕೋಳಿ ಮೊಟ್ಟೆಗೆ ಕುಳಿತಿತ್ತು. ಹಿತ್ತಲಿಂದ ನನ್ನ ಕೆಮ್ಮು ಕೇಳುತ್ತಿತ್ತು.

ಕೋಳಿಯನ್ನು ನೋಡಿ ಮೊದಲು ಜೋರಾಗಿ ನಕ್ಕರು. ಆಮೇಲೆ ಹಿತ್ತಲಿಗೆ ಬಂದು ಹೊಗೆಯಲ್ಲೇ ನನ್ನ ಪಕ್ಕ ಕುಳಿತು ಒಂದು ರೊಟ್ಟಿ ಕೇಳಿದರು. ತಿಂದರು. ಕೋಳಿಯನ್ನು ಎಬ್ಬಿಸಿ, ಹೊಸ ಒಲೆಯ ಮೇಲೂ ಒಂದು ಮಾಡಿಸಿಕೊಂಡು ತಿಂದರು.

"ಇದು ಹಸೀ ಹಿಟ್ಟು ಅದರಿ. ಇಷ್ಟ್ ದಿನ ಯಾಕ ಹೇಳಲಿಲ್ಲ?"

ಅವರು ಎದ್ದು ಓಣಿಯ ಮನೆಮನೆಗೂ ಹೋದರು. ಒಂದು ಕಡೆ ಒಲೆಯೊಳಗೆ ಉಳ್ಳಾಗಡ್ಡಿ, ಇನ್ನೊಂದು ಕಡೆ ಚಪ್ಪಲಿ. ತಿರುಗಿ ಬಂದಾಗ ಮುಖ ಬಾಡಿತ್ತು. ಸಂಘದ ಸಭೆ ಹತ್ತಿರವಿತ್ತು, ಬೆಂಗಳೂರಿನಿಂದ ದೊಡ್ಡವರು ಬರುವವರಿದ್ದರು. ಎಲ್ಲ ಒಲೆಗಳೂ ಉರಿಯುತ್ತಿವೆ ಎಂದು ಅಧ್ಯಕ್ಷರು ಆಗಲೇ ಹೇಳಿಕೊಂಡಾಗಿತ್ತು.

"ಹೂಂ ಅಂತನೇ ಹೇಳ್ರಿ ಅಕ್ಕೋರೆ," ಎಂದು ಅತ್ತೆ ಅಂಗಲಾಚಿದರು. "ಇಲ್ಲಾಂದ್ರ ನಿಮ್ಮ ನೌಕರಿ ಹೋಗ್ತದ."

"ನಾ ಹೂಂ ಅಂದ್ರ ಸಂಘದವ್ರು ಮುಂದ ಔರಾದ ಕಡಿ ಹಳ್ಳಿಗೂ ಇದೇ ಒಲಿ ಹಾಕಸ್ತಾರರಿ. ಅಲ್ಲೂ ಕೋಳಿನೇ ಕುಂದರ್ತಾವ."

ಅಂದು ಅವರು ಊರಲ್ಲೇ ಉಳಿದರು. ರೊಟ್ಟಿಗೆ ಹೇಗಿರಬೇಕೆಂದು ಅತ್ತೆ ಹೇಳುತ್ತ ಹೋದಂತೆ ಅಕ್ಕೋರು ನಮ್ಮ ಒಲೆಯ ಮುಂಬದಿ ಒಡೆದು ಅಗಲ ಮಾಡಿ, ಕೆಂಡ ಎಳೆದುಕೊಳ್ಳಲು ಮಣ್ಣಿನ ಸಣ್ಣ ಕಟ್ಟೆ ಕಟ್ಟಿದರು. ಹೊರಡುವಾಗ ನನ್ನ ಗಲ್ಲ ಹಿಡಿದು, "ಒಣಗಲಿ. ಸುದ್ದಿ ಕಳಿಸಲಾರದೇ ಬರ್ತೇನಿ. ಆವಾಗ ಖರೇ ಹೇಳು," ಎಂದರು.

ಸಭೆಯಲ್ಲಿ ಅವರು ಇದ್ದದ್ದನ್ನು ಇದ್ದಂತೆ ಹೇಳಿದರಂತೆ. ಕಂಡಕ್ಟರ್ ಬಂದು ತಿಳಿಸಿದ. ಸಂಘದ ಹೆಸರು ಕೆಡಿಸಿದಳೆಂದು ಅವರನ್ನು ಕೆಲಸದಿಂದ ತೆಗೆದರು. ಎಷ್ಟೋ ವರ್ಷದ ಮೇಲೆ ಔರಾದ ಹತ್ತಿರದ ಬೀಗರ ಮನೆಗೆ ಹೋದಾಗ ಅಲ್ಲಿ ಸಂಘ ಹಾಕಿಸಿದ ಅದೇ ಮುಚ್ಚಿದ ಒಲೆ ಕಂಡೆ, ಒಳಗೆ ಕೋಳಿ ಸಮೇತ. ನಗು ಬಂತು, ಹಿಂದೆಯೇ ಅಳು ಒತ್ತಿಕೊಂಡು ಬಂತು.

ನಮ್ಮ ಒಲೆಯೋ... ಒಣಗಿದ ಮೇಲೆ ಹಚ್ಚಿದೆವು. ಹೊಗೆಯೆಲ್ಲ ಕೊಳವೆಯಲ್ಲಿ ಹೋಯಿತು, ರೊಟ್ಟಿ ಮುಂದೆ ನಿಂತು ಉಬ್ಬಿತು. ಓಣಿಯವರೆಲ್ಲ ಬಂದು ನೋಡಿ, ತಮ್ಮ ತಮ್ಮ ಒಲೆಗಳನ್ನೂ ಹಾಗೆಯೇ ಒಡೆದು ಕಟ್ಟಿಕೊಂಡರು. ನನ್ನ ಕೆಮ್ಮು ನಿಂತಿತು. ರೊಟ್ಟಿಯ ಹೊತ್ತಿಗೆ ಬಸ್ಸಿನ ಸದ್ದಾದರೆ ಸಾಕು, ಅತ್ತೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ನಾನೂ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ಅವರು ಬರಲಿಲ್ಲ. ಒಮ್ಮೆ ಬೀದರಿಗೆ ಹೋಗಿ ಸಂಘದಲ್ಲಿ ವಿಚಾರಿಸಿದೆ. ಎಲ್ಲಿಗೆ ಹೋದರೋ ಯಾರಿಗೂ ತಿಳಿದಿರಲಿಲ್ಲ.

ಮೊಮ್ಮಗಳು ಈಗ ಅಂಥದೇ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಊರೂರು ತಿರುಗಿ, ಕೊಟ್ಟದ್ದು ಜನರಿಗೆ ಉಪಯೋಗವಾಯಿತೇ ಎಂದು ಕೇಳಿ ಬರುವುದೇ ಅವಳ ನೌಕರಿ. ಊಟದ ಹೊತ್ತಿಗೆ ಹೋಗು, ಹೇಳದೆ ಹೋಗು ಎನ್ನುತ್ತೇನೆ. ಅವಳು ನಗುತ್ತಾಳೆ. ಅತ್ತೆ ತೀರಿ ಬಹಳ ಕಾಲವಾಯಿತು, ಓಣಿಯ ಹಳೆಯ ಹೆಂಗಸರು ಒಬ್ಬರೂ ಉಳಿದಿಲ್ಲ. ಒಲೆ ಚೆನ್ನಾಗಿ ಉರಿಯಿತು ಎಂದು ಅಕ್ಕೋರಿಗೆ ನಿಜ ಹೇಳಲು ನಾನೊಬ್ಬಳೇ ಇದ್ದೇನೆ. ಕೇಳಲು ಅವರಿಲ್ಲ.